ಬಿಸಿಯೂಟದ ಸಾರಿಗೆ ಯಾರ ಹೊಲದ ತರಕಾರಿ?

ಹೋದ ವಾರ ನಾಲ್ಕು ಚೀಲ ಬದನೆಕಾಯಿ ಮಂಡಿಗೆ ಹಾಕಿ ಬಂದೆ. ಆಟೋ ಬಾಡಿಗೆ, ಹಮಾಲಿ, ಕಮಿಷನ್ ಎಲ್ಲಾ ಕಳೆದು ಕೈಗೆ ಬಂದ ನೋಟನ್ನು ಬಸ್ಸಿನಲ್ಲಿ ಕೂತು ಎಣಿಸ್ತಾ ಇದ್ದೆ. ಎಣಿಸೋಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ ಬಿಡಿ. ಪಕ್ಕದ ಸೀಟಿಗೆ ನಮ್ಮೂರ ಶಾಲೆ ಮೇಷ್ಟ್ರು ಬಂದು ಕೂತರು. ಅವರ ಕಾಲ ಹತ್ರ ಎರಡು ಚೀಲ ತರಕಾರಿ. "ಏನ್ ಸಾರ್, ಮನೆಗೆ ಇಷ್ಟೊಂದಾ?" ಅಂದೆ. "ಮನೆಗಲ್ಲಪ್ಪ, ನಾಳೆ ನಾಳಿದ್ದು ಬಿಸಿಯೂಟಕ್ಕೆ" ಅಂದರು. ಇಣುಕಿ ನೋಡಿದರೆ ಅದರಲ್ಲೂ ಬದನೆಕಾಯಿ!

ಬೆಳಿಗ್ಗೆ ನಮ್ಮೂರಿಂದ ಪೇಟೆಗೆ ಹೋದ ಬದನೆಕಾಯಿ ಸಂಜೆ ಅದೇ ಬಸ್ಸಲ್ಲಿ ನಮ್ಮೂರಿಗೇ ವಾಪಸ್ ಬರ್ತಾ ಇತ್ತು. ನಡುವೆ ಮೂರು ಕೈ ಬದಲಾಗಿತ್ತು. ನಾನು ಮಾರಿದ ರೇಟಿಗೂ ಅವರು ಕೊಂಡ ರೇಟಿಗೂ ಎಷ್ಟು ಅಂತರ ಅಂತ ಹೇಳೋದು ಬೇಡ, ನಿಮಗೆಲ್ಲ ಗೊತ್ತಿರೋದೇ.

"ಸಾರ್, ನಮ್ಮತ್ರಾನೇ ತಗೋಬಹುದಲ್ವಾ?" ಅಂತ ಕೇಳಿದೆ. ಮೇಷ್ಟ್ರು ಬೇಜಾರು ಮಾಡ್ಕೊಳ್ಳದೆ ಮೂರು ಮಾತು ಹೇಳಿದರು. ಅದನ್ನ ಕೊನೆಗೆ ಬರೀತೀನಿ. ಮನೆಗೆ ಬಂದ ಮೇಲೆ ನನ್ನ ತಲೆಯಲ್ಲಿ ಕೊರೆದದ್ದು ಬೇರೆ ಪ್ರಶ್ನೆ. ಶಾಲೆಯಲ್ಲಿ ಮಕ್ಕಳಿಗೆ ಊಟ ಹಾಕುವ ಈ ವ್ಯವಸ್ಥೆ ಎಲ್ಲಿಂದ ಬಂತು? ಇದರಿಂದ ಯಾರಿಗೆ ಕೆಲಸ ಸಿಕ್ತು, ಯಾರಿಗೆ ವ್ಯಾಪಾರ ಸಿಕ್ತು? ನಮ್ಮಂಥವರು ಈ ಲೆಕ್ಕದಲ್ಲಿ ಎಲ್ಲಿದ್ದೀವಿ? ಕೆಲವು ದಿನ ಕೂತು ಓದಿದೆ. ಓದಿದ್ದನ್ನ ನಮ್ಮ ಕಡೆಯ ಲೆಕ್ಕದಲ್ಲಿ ಬರೆದಿದ್ದೀನಿ. ಸ್ವಲ್ಪ ಉದ್ದ ಇದೆ, ನೀರು ಕಟ್ಟಿ ಬಂದು ಕೂತು ಓದಿ.

ಓದೋ ಹುಡುಗರಿಗೆ ಊರು ಅನ್ನ ಹಾಕೋದು ನಮ್ಮಲ್ಲಿ ಹೊಸದಲ್ಲ. ನಮ್ಮ ತಾತಂದಿರ ಕಾಲದಲ್ಲಿ ವಾರಾನ್ನ ಅಂತ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರಕ್ಕೆ ಏಳು ಮನೆ ಗೊತ್ತು ಮಾಡ್ಕೊಂಡು ಬಡ ಹುಡುಗರು ಓದಿ ಮುಂದೆ ಬಂದರು. ಆಮೇಲೆ ಮಠಗಳ ಪ್ರಸಾದ ನಿಲಯ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಕೂತು ಮುದ್ದೆ ಉಂಡಿದ್ದಾರೆ, ಈಗಲೂ ಉಣ್ತಾರೆ. ಆ ದಾಸೋಹಕ್ಕೆ ರಾಗಿ, ಕಾಳು, ತರಕಾರಿ ಬಂದದ್ದು ಬಹಳಷ್ಟು ರೈತರ ಗಾಡಿಗಳಿಂದಲೇ. ಅಂದ್ರೆ ಹೊಲಕ್ಕೂ ಶಾಲೆಯ ತಟ್ಟೆಗೂ ನೇರ ದಾರಿ ಇತ್ತು. ಆದರೆ ಅದು ದಾನದ ದಾರಿ. ವ್ಯಾಪಾರದ ದಾರಿ ಅಲ್ಲ, ಕೂಲಿಯ ದಾರಿಯೂ ಅಲ್ಲ. ಕೊಡುವವನ ಮನಸ್ಸು ದೊಡ್ಡದಿದ್ದರೆ ಉಂಟು, ಮಳೆ ಹೋದ ವರ್ಷ ಅವನಿಗೂ ಕಷ್ಟ.

ಸರ್ಕಾರಿ ದುಡ್ಡಿನಲ್ಲಿ ಶಾಲೆ ಊಟ ಅನ್ನೋದು ದಕ್ಷಿಣದಲ್ಲಿ ಶುರುವಾದ ಹಳೆಯ ನೆಲೆಗಳಲ್ಲಿ ಒಂದು ಮದರಾಸು. 1920ರಲ್ಲಿ ಮದರಾಸು ಕಾರ್ಪೊರೇಷನ್ ಥೌಸಂಡ್ ಲೈಟ್ಸ್ ಅನ್ನೋ ಕಡೆ ತನ್ನ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡೋ ತೀರ್ಮಾನ ಮಾಡಿತು. ಆಗ ಅದರ ಅಧ್ಯಕ್ಷರಾಗಿದ್ದವರು ಜಸ್ಟಿಸ್ ಪಕ್ಷದ ತ್ಯಾಗರಾಯ ಚೆಟ್ಟಿ. ಒಂದು ಮಗುವಿಗೆ ದಿನಕ್ಕೆ ಒಂದಾಣೆ ಮೀರಬಾರದು ಅಂತ ಮಿತಿ. ಆಮೇಲೆ ಇನ್ನಷ್ಟು ಶಾಲೆಗೆ ಹಬ್ಬಿತು, ಮಕ್ಕಳ ಸಂಖ್ಯೆ ಏರಿತು. ಆದರೆ ಶಿಕ್ಷಣದ ದುಡ್ಡನ್ನ ಊಟಕ್ಕೆ ಖರ್ಚು ಮಾಡೋ ಹಾಗಿಲ್ಲ ಅಂತ ಬ್ರಿಟಿಷ್ ಸರ್ಕಾರ ತಕರಾರು ತೆಗೆದು 1925ರಲ್ಲಿ ಅದು ನಿಂತಿತು.

ಮತ್ತೆ ದೊಡ್ಡದಾಗಿ ಎದ್ದದ್ದು 1956ರಲ್ಲಿ, ಕಾಮರಾಜ್ ಮುಖ್ಯಮಂತ್ರಿಯಾಗಿದ್ದಾಗ. ಆಗಲೂ ಅರ್ಧ ದಾರಿ ದಾನದ್ದೇ. ಊರಿನವರು ಅಕ್ಕಿ, ಕಾಸು ಸೇರಿಸ್ತಿದ್ರು, ಸರ್ಕಾರ ಅದಕ್ಕೆ ಕೈ ಜೋಡಿಸ್ತಿತ್ತು. ನಿಜವಾದ ತಿರುವು 1982ರ ಜುಲೈ 1. ಎಂ.ಜಿ. ರಾಮಚಂದ್ರನ್ ಅವರು ಹಳ್ಳಿ ಹಳ್ಳಿಗೂ ಪೌಷ್ಟಿಕ ಊಟದ ಕೇಂದ್ರ ಮಾಡಿದರು. ಪ್ರತಿ ಕೇಂದ್ರಕ್ಕೆ ಒಬ್ಬ ಸಂಘಟಕಿ, ಒಬ್ಬ ಅಡುಗೆಯಾಕೆ, ಒಬ್ಬ ಸಹಾಯಕಿ. ಗಂಡ ಸತ್ತವರಿಗೆ, ಯಾರೂ ದಿಕ್ಕಿಲ್ಲದ ಹೆಂಗಸರಿಗೆ ಆದ್ಯತೆ. ಆಗ ಬಹಳ ಜನ ಇದನ್ನ ಓಟಿನ ಗಿಮಿಕ್ಕು, ದುಡ್ಡು ಪೋಲು ಅಂತ ಬೈದಿದ್ರು. ಆದರೆ ಒಂದೇ ಏಟಿಗೆ ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರಿಗೆ ಊರಲ್ಲೇ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಕಳೆ ಕೀಳೋ ಕಾಲದಲ್ಲಿ ಕೂಲಿ, ಉಳಿದ ಕಾಲದಲ್ಲಿ ಕೈ ಖಾಲಿ ಅನ್ನೋ ಹಾಗಿದ್ದವರಿಗೆ ಇದು ತಿಂಗಳು ತಿಂಗಳು ಬರೋ ಕಾಸು.

ಇಲ್ಲಿ ಒಂದು ಸೂಕ್ಷ್ಮ ಇದೆ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಶಾಲಾ ಪೌಷ್ಟಿಕ ಆಹಾರ ಯೋಜನೆ ತಂತು. ಅಡುಗೆ ಮಾಡಿ ಬಡಿಸಬೇಕು ಅನ್ನೋದೇ ಉದ್ದೇಶ. ಆದರೆ ಬಹಳ ರಾಜ್ಯಗಳು ಅಡುಗೆ ಉಸಾಬರಿಯೇ ಬೇಡ ಅಂತ ಮಗುವಿಗೆ ತಿಂಗಳಿಗೆ ಮೂರು ಕೆ.ಜಿ. ಧಾನ್ಯ ಕೊಟ್ಟು ಕೈ ತೊಳ್ಕೊಂಡವು. ಅದಕ್ಕೂ ಶೇ. 80 ಹಾಜರಿ ಇರಬೇಕು. ನಮ್ಮಲ್ಲೂ ಶಾಲೆಯಿಂದ ಮಕ್ಕಳು ಅಕ್ಕಿ ಹೊತ್ಕೊಂಡು ಬರ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಅದೇ ಅಕ್ಕಿ, ಅದೇ ಶಾಲೆ, ಅದೇ ಮಗು. ಆದರೆ ಒಣ ಅಕ್ಕಿ ಹಂಚಿದಾಗ ಊರಲ್ಲಿ ಒಬ್ಬರಿಗೂ ಹೊಸ ಕೆಲಸ ಹುಟ್ಟಲಿಲ್ಲ. ಲಾರಿ ಬಂತು, ಮೂಟೆ ಇಳೀತು, ಹಂಚಿದ್ರು, ಮುಗೀತು. ಒಲೆ ಹಚ್ಚಿದಾಗ ಮಾತ್ರ ಕೆಲಸ ಹುಟ್ಟಿತು. ಅಡುಗೆಯವರು ಬೇಕು, ಸೊಪ್ಪು ತರಕಾರಿ ಬೇಕು, ಕಾರದಪುಡಿ ಬೇಕು, ಪಾತ್ರೆ ಬೇಕು, ಒಲೆ ರಿಪೇರಿಯವನು ಬೇಕು. ದುಡ್ಡು ಊರಲ್ಲಿ ಎರಡು ಸುತ್ತು ಸುತ್ತೋದು ಆಗಲೇ.

ಆ ಒಲೆ ಹಚ್ಚಿಸಿದ್ದು ಕೋರ್ಟು. ಗೋದಾಮಿನಲ್ಲಿ ಧಾನ್ಯ ಕೊಳೀತಾ ಇದೆ, ಜನ ಹಸಿದಿದ್ದಾರೆ ಅಂತ ಪಿಯುಸಿಎಲ್ ಸಂಘಟನೆ 2001ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ರಂದು ಕೋರ್ಟು ಖಡಕ್ಕಾಗಿ ಹೇಳಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು, ವರ್ಷಕ್ಕೆ ಕನಿಷ್ಠ 200 ದಿನ. 2004ರ ಏಪ್ರಿಲ್‌ನಲ್ಲಿ ಇನ್ನೊಂದು ಆದೇಶ: ಅಡುಗೆಯವರನ್ನ ನೇಮಿಸುವಾಗ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕು. ಇದು ಬರೀ ಕೆಲಸದ ಮಾತಲ್ಲ. ಯಾರು ಬೇಯಿಸಿದ್ದನ್ನ ಯಾರ ಮಕ್ಕಳು ಉಣ್ತಾರೆ ಅನ್ನೋ ಮಾತು. ಕೆಲವು ಊರಲ್ಲಿ ತಕರಾರು ಆಯ್ತು, ಮಕ್ಕಳನ್ನ ಊಟಕ್ಕೆ ಬಿಡದವರೂ ಇದ್ದರು. ಇವತ್ತಿಗೂ ಅದು ಪೂರ್ತಿ ಹೋಗಿದೆ ಅಂತ ಎದೆ ತಟ್ಟಿ ಹೇಳೋ ಹಾಗಿಲ್ಲ.

ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ, ಮೊದಲು ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ, ಈ ಏಳು ಜಿಲ್ಲೆಗಳಲ್ಲಿ. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು, ಮುಂದೆ ಹೈಸ್ಕೂಲಿನವರೆಗೂ ಏರಿತು. ಇವತ್ತು ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬಿಸಿಯೂಟದ ಅಡುಗೆ ಕೆಲಸದಲ್ಲಿದ್ದಾರೆ. ದೇಶದಲ್ಲಿ ಸುಮಾರು 25 ಲಕ್ಷ. ಹೆಚ್ಚಿನವರು ಹೆಂಗಸರು. ಕೇಂದ್ರದ ಲೆಕ್ಕ ಹೀಗಿದೆ: 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಅಲ್ಲಿಂದ ಮುಂದೆ ಪ್ರತಿ ನೂರಕ್ಕೆ ಒಬ್ಬರು. ಅಂದರೆ ಶಾಲೆಗೆ ಮಕ್ಕಳು ಕಮ್ಮಿಯಾದ್ರೆ ಒಬ್ಬ ಅಕ್ಕನ ಕೆಲಸ ಹೋಗುತ್ತೆ. ಇಂಗ್ಲಿಷ್ ಕಾನ್ವೆಂಟ್ ವ್ಯಾನು ಊರೊಳಗೆ ಬಂದಾಗ ನಮ್ಮ ಶಾಲೆಯ ಒಲೆಗೂ ಅದಕ್ಕೂ ಸಂಬಂಧ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇನ್ನು ಆ ಕೆಲಸದ ಗುಣಮಟ್ಟ. ಅದಕ್ಕೆ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. 2009ರಲ್ಲಿ ಕೇಂದ್ರ ತಿಂಗಳಿಗೆ 1000 ರೂಪಾಯಿ ಅಂತ ನಿಗದಿ ಮಾಡಿತು, ವರ್ಷಕ್ಕೆ ಹತ್ತೇ ತಿಂಗಳು. ಆ ಸಾವಿರ ಸಾವಿರವಾಗೇ ಉಳೀತು. ಮೇಲೆ ಹಾಕೋದೆಲ್ಲ ರಾಜ್ಯದ್ದು. ತಮಿಳುನಾಡಿನಲ್ಲಿ ಇದೇ ಕೆಲಸಕ್ಕೆ ಬರ್ತಾ ಬರ್ತಾ ವಿಶೇಷ ವೇತನ ಶ್ರೇಣಿ ಬಂತು. ನಮ್ಮಲ್ಲಿ ಅಡುಗೆ ಅಕ್ಕಂದಿರು ಬೆಂಗಳೂರಿಗೆ ಹೋಗಿ ಬಿಸಿಲಲ್ಲಿ ಕೂತು ಕೇಳಿ ಕೇಳಿ ಒಂದೊಂದು ಸಲ ಇಷ್ಟಿಷ್ಟು ಏರಿಸಿಕೊಂಡರು. ಶಿಕ್ಷಣದ ಯೋಜನೆಯಿಂದ ಕೆಲಸ ಹುಟ್ಟುತ್ತೆ, ನಿಜ. ಎಂಥ ಕೆಲಸ ಅನ್ನೋದು ಮಾತ್ರ ಕೇಳಿದವರಿಗೆ ಸಿಕ್ಕಷ್ಟೇ.

ಕೆಲಸದ ಕತೆ ಇಷ್ಟು. ಈಗ ರೈತರ ಕತೆಗೆ ಬರೋಣ. ತಟ್ಟೆಗೆ ಬೀಳೋದನ್ನ ಬೆಳೆದವರಿಗೆ ಏನು ಸಿಕ್ತು? ಇದಕ್ಕೆ ನಾವು ಅಮೆರಿಕದ 1930ರ ದಶಕ ನೋಡಬೇಕು, ಯಾಕಂದ್ರೆ ರೈತನ ಮಿಕ್ಕ ಬೆಳೆಯನ್ನೂ ಮಕ್ಕಳ ಹಸಿವನ್ನೂ ದೊಡ್ಡ ಮಟ್ಟದಲ್ಲಿ ಗಂಟು ಹಾಕಿದ್ದು ಅಲ್ಲಿ. ಮಹಾ ಆರ್ಥಿಕ ಕುಸಿತದ ಕಾಲ. ಬೆಲೆ ಸಿಗದೆ ರೈತರು ಹಾಲು ರಸ್ತೆಗೆ ಚೆಲ್ಲಿದರು. ಬೆಲೆ ಏರಿಸೋಕೆ ಅಂತ 1933ರಲ್ಲಿ ಸರ್ಕಾರವೇ ಲಕ್ಷಗಟ್ಟಲೆ ಹಂದಿಮರಿ ಕೊಂಡು ಕೊಲ್ಲಿಸಿತು. ಅದೇ ಹೊತ್ತಿಗೆ ಪಟ್ಟಣಗಳಲ್ಲಿ ಮಕ್ಕಳು ಹಸಿದು ಶಾಲೆಗೆ ಬರ್ತಿದ್ರು. ಜನ ಉಗಿದರು. 1935ರಲ್ಲಿ ಒಂದು ಕಾನೂನು ಬಂತು: ಆಮದು ಸುಂಕದ ಆದಾಯದಲ್ಲಿ ಶೇ. 30ನ್ನು ಕೃಷಿ ಇಲಾಖೆಗೆ ಕೊಡಬೇಕು, ಅದರಿಂದ ಮಿಕ್ಕ ಬೆಳೆ ಕೊಂಡು ವಿಲೇವಾರಿ ಮಾಡಬೇಕು. ಹಾಗೆ ಕೊಂಡ ಪದಾರ್ಥದಲ್ಲಿ ಒಂದು ಪಾಲು ಶಾಲೆಗಳಿಗೆ ಹೋಯಿತು. ಅಡುಗೆಗೆ ಸರ್ಕಾರದ ಉದ್ಯೋಗ ಯೋಜನೆಯಡಿ ಕೆಲಸವಿಲ್ಲದ ಹೆಂಗಸರನ್ನ ಹಾಕಿದರು. 1941ರ ವೇಳೆಗೆ ಶಾಲೆ ಊಟದ ಕೆಲಸದಲ್ಲೇ 60 ಸಾವಿರಕ್ಕೂ ಹೆಚ್ಚು ಜನ ಇದ್ದರು. ಮಾರಲಾಗದ ಬೆಳೆ, ಕೆಲಸವಿಲ್ಲದ ಹೆಂಗಸು, ಹಸಿದ ಮಗು, ಮೂರೂ ಕಷ್ಟಕ್ಕೆ ಒಂದೇ ಅಡುಗೆಮನೆ.

ಆದರೆ ಮಹಾಯುದ್ಧ ಬಂತು. ಮಿಕ್ಕ ಬೆಳೆ ಸೈನ್ಯಕ್ಕೆ ಹೋಯಿತು, ಹೆಂಗಸರಿಗೆ ಬೇರೆ ಕೆಲಸ ಸಿಕ್ಕಿತು, ಉದ್ಯೋಗ ಯೋಜನೆ 1943ರಲ್ಲಿ ಮುಚ್ಚಿತು, ಶಾಲೆ ಊಟ ಕುಗ್ಗಿತು. ಮಿಕ್ಕಿದ್ದರ ಮೇಲೆ ನಿಂತದ್ದು ಮಿಗದಿದ್ದಾಗ ಬೀಳುತ್ತೆ. ಇದನ್ನ ನೋಡಿಯೇ 1946ರಲ್ಲಿ ಶಾಶ್ವತ ಕಾನೂನು ಮಾಡಿದರು. ಅದರಲ್ಲಿ ಮಕ್ಕಳ ಆರೋಗ್ಯ ಒಂದು ಉದ್ದೇಶ, ದೇಶದ ರೈತರ ಬೆಳೆಗೆ ಬೇಡಿಕೆ ಇನ್ನೊಂದು ಉದ್ದೇಶ ಅಂತ ಎರಡನ್ನೂ ಬಾಯಿಬಿಟ್ಟು ಬರೆದರು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕ್ಷೀರಭಾಗ್ಯ. 2013ರಲ್ಲಿ ಕೆಎಂಎಫ್‌ಗೆ ಹಾಲು ಹೆಚ್ಚಾಗಿ, ಪುಡಿ ಮಾಡಿ ಇಟ್ಟದ್ದು ದಾಸ್ತಾನಾಗಿತ್ತು. ಆ ವರ್ಷ ಆಗಸ್ಟ್ 1ರಿಂದ ಶಾಲೆ, ಅಂಗನವಾಡಿ ಸೇರಿ ಸುಮಾರು ಒಂದು ಕೋಟಿ ಮಕ್ಕಳಿಗೆ 150 ಮಿಲಿ ಹಾಲು ಕೊಡೋಕೆ ಶುರು ಮಾಡಿದರು. ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಮಗುವಿಗೆ 18 ಗ್ರಾಂ ಹಾಲಿನ ಪುಡಿ. ಅಷ್ಟೇನಾ ಅನ್ನಿಸಬಹುದು. ಕೋಟಿಯಿಂದ ಗುಣಿಸಿ ನೋಡಿ, ದಿನಕ್ಕೆ 180 ಟನ್ ಪುಡಿ! ನಮ್ಮೂರ ಡೇರಿಗೆ ಬೆಳಿಗ್ಗೆ ಎರಡು ಲೀಟರು ಹಾಕೋ ಹೆಂಗಸಿಗೆ, ತನ್ನ ಹಾಲಿಗೂ ಶಾಲೆಯ ಲೋಟಕ್ಕೂ ದಾರಿ ಇದೆ ಅಂತ ಗೊತ್ತಿಲ್ಲದೇ ಇರಬಹುದು, ಆದರೆ ದಾರಿ ಇದೆ. 2024ರಲ್ಲಿ ಆ ಹಾಲಿಗೆ ರಾಗಿ ಮಾಲ್ಟೂ ಸೇರಿತು. ಮೊಟ್ಟೆ ಬಂತು, ಮೊಟ್ಟೆ ಬೇಡ ಅನ್ನೋರಿಗೆ ಬಾಳೆಹಣ್ಣು.

ಹಾಲು ಯಾಕೆ ತಲುಪಿತು? ಊರೂರಲ್ಲಿ ಸಂಘ ಇತ್ತು, ಅಳತೆ ಇತ್ತು, ಫ್ಯಾಟ್ ನೋಡೋ ಮಿಷನ್ ಇತ್ತು, ಬ್ಯಾಂಕಿಗೆ ದುಡ್ಡು ಬರ್ತಿತ್ತು. ತರಕಾರಿಗೆ ಊರಲ್ಲಿ ಅಂಥ ಒಂದು ಡೇರಿ ಇಲ್ಲ. ನಮ್ಮ ಬದನೆಕಾಯಿ ಪೇಟೆ ಸುತ್ತಿ ಬಂದದ್ದು ಇದಕ್ಕೇ.

ತರಕಾರಿಗೂ ಅಂಥ ದಾರಿ ಮಾಡಿದ ದೇಶ ಒಂದಿದೆ, ಬ್ರೆಜಿಲ್. ಅಲ್ಲಿ ಶಾಲೆ ಊಟ 1955ರಿಂದಲೂ ಇದೆ. 2009ರ ಜೂನ್ 16ರ ಕಾನೂನಿನಲ್ಲಿ ಒಂದು ಸಾಲು ಸೇರಿಸಿದರು: ಶಾಲೆ ಊಟಕ್ಕೆ ಕೇಂದ್ರ ಕೊಡೋ ದುಡ್ಡಿನಲ್ಲಿ ಕನಿಷ್ಠ ಶೇ. 30 ರೂಪದಲ್ಲಿ ಸಣ್ಣ ಕುಟುಂಬದ ರೈತರ ಬೆಳೆಯನ್ನೇ ನೇರವಾಗಿ ಕೊಳ್ಳಬೇಕು. ಸುಮಾರು ನಾಲ್ಕು ಕೋಟಿ ಮಕ್ಕಳ ಊಟ ಅದು. ಈಚೆಗೆ ಆ ಮೂವತ್ತನ್ನ 45ಕ್ಕೆ ಏರಿಸೋ ಕಾನೂನೂ ಆಗಿದೆ.

ಮೂವತ್ತು ಅನ್ನೋ ಸಂಖ್ಯೆಗಿಂತ ನನಗೆ ಹಿಡಿಸಿದ್ದು ಅದನ್ನ ನಡೆಸೋ ರೀತಿ. ಟೆಂಡರ್ ಕರೆದು ಕಡಿಮೆ ರೇಟಿನವನಿಗೆ ಕೊಡೋದಿಲ್ಲ. ಮೊದಲೇ ಆ ಕಡೆಯ ಮಾರುಕಟ್ಟೆ ರೇಟು ನೋಡಿ ಬೆಲೆ ಗೊತ್ತು ಮಾಡ್ತಾರೆ, ಆಮೇಲೆ ಇಂತಿಂಥ ತರಕಾರಿ, ಹಣ್ಣು ಇಷ್ಟಿಷ್ಟು ಬೇಕು ಅಂತ ಸಾರ್ತಾರೆ. ಮೊದಲ ಆದ್ಯತೆ ಅದೇ ಊರು, ಅದೇ ತಾಲ್ಲೂಕಿನಂಥ ವ್ಯಾಪ್ತಿಯ ರೈತರಿಗೆ. ಒಬ್ಬೊಬ್ಬರಿಗಿಂತ ಗುಂಪಿಗೆ, ಸಂಘಕ್ಕೆ ಹೆಚ್ಚು ಮರ್ಯಾದೆ. ಒಂದು ಕುಟುಂಬ ವರ್ಷಕ್ಕೆ ಇಷ್ಟು ಮೊತ್ತ ಮೀರಿ ಮಾರೋ ಹಾಗಿಲ್ಲ ಅಂತ ಮಿತಿ, ಒಬ್ಬ ದೊಡ್ಡ ಕುಳವೇ ಎಲ್ಲಾ ಬಾಚಿಕೊಳ್ಳಬಾರದು ಅಂತ. ಊಟದ ಪಟ್ಟಿ ಬರೆಯೋ ಪೌಷ್ಟಿಕ ತಜ್ಞರು ಆ ಸೀಮೆಯಲ್ಲಿ ಯಾವ ತಿಂಗಳು ಏನು ಬೆಳೀತಾರೆ ಅಂತ ನೋಡಿ ಬರೀಬೇಕು.

ಮೊದಲ ದಿನದಿಂದ ಎಲ್ಲಾ ಸರಿ ಹೋಯ್ತಾ? ಇಲ್ಲ. ಬಹಳ ಕಡೆ ಮೊದಲ ವರ್ಷಗಳಲ್ಲಿ ಮೂವತ್ತು ಮುಟ್ಟಲೇ ಇಲ್ಲ. ರೈತರ ಹತ್ರ ರಸೀದಿ ಇಲ್ಲ, ತಪ್ಪದೆ ಸರಬರಾಜು ಮಾಡೋಕೆ ಆಗ್ತಿಲ್ಲ, ಶುಚಿತ್ವದ ನಿಯಮಕ್ಕೆ ಹೊಂದಲ್ಲ ಅಂತ ಕಾರಣ. ಬರ್ತಾ ಬರ್ತಾ ರೈತರು ಸಂಘ ಕಟ್ಟಿಕೊಂಡರು. ಕಾನೂನಲ್ಲಿ ಒಂದು ಸಂಖ್ಯೆ ಇತ್ತು, ಹಾಗಾಗಿ ಅಧಿಕಾರಿಗಳೂ ಬೆನ್ನು ಬೀಳಲೇಬೇಕಾಯ್ತು.

ನಮ್ಮ ದೇಶದಲ್ಲಿ 2021ರಲ್ಲಿ ಬಿಸಿಯೂಟ ಯೋಜನೆಗೆ ಪಿಎಂ ಪೋಷಣ್ ಅಂತ ಹೊಸ ಹೆಸರಿಟ್ಟಾಗ, ರೈತ ಉತ್ಪಾದಕ ಸಂಸ್ಥೆ ಮತ್ತು ಮಹಿಳಾ ಸ್ವಸಹಾಯ ಸಂಘಗಳನ್ನ ಸೇರಿಸಿಕೊಳ್ಳೋಕೆ ಪ್ರೋತ್ಸಾಹ ಕೊಡ್ತೀವಿ ಅಂದರು. ಒಳ್ಳೆ ಮಾತು. ಆದರೆ ಪ್ರೋತ್ಸಾಹ ಅನ್ನೋದಕ್ಕೂ ಕನಿಷ್ಠ ಮೂವತ್ತು ಅನ್ನೋದಕ್ಕೂ, ಮಳೆ ಬರಬಹುದು ಅನ್ನೋದಕ್ಕೂ ಕಾಲುವೆಗೆ ನೀರು ಬಿಟ್ಟಿದ್ದಾರೆ ಅನ್ನೋದಕ್ಕೂ ಇರುವಷ್ಟು ವ್ಯತ್ಯಾಸ ಇದೆ.

ಈಗ ನಮ್ಮ ಲೆಕ್ಕ. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರನೇ ತರಗತಿ ಮೇಲಿನವರಿಗೆ 150, 30, 75. ಅಕ್ಕಿ, ಬೇಳೆ, ಎಣ್ಣೆ ಗೋದಾಮಿನಿಂದ ಬರುತ್ತೆ, ಅದು ನಮ್ಮ ಕೈಲಿಲ್ಲ. ತರಕಾರಿ ಮಾತ್ರ ಶಾಲೆಯವರೇ ಕೊಳ್ಳೋದು. ನೂರು ಚಿಕ್ಕ ಮಕ್ಕಳಿರೋ ಶಾಲೆಗೆ ದಿನಕ್ಕೆ 5 ಕೆ.ಜಿ. 200 ದಿನಕ್ಕೆ ಒಂದು ಟನ್. ಇಂಥ ಇಪ್ಪತ್ತು ಶಾಲೆ ಸೇರಿದರೆ ದಿನಕ್ಕೆ ಒಂದು ಕ್ವಿಂಟಾಲ್. ಇಡೀ ರಾಜ್ಯದಲ್ಲಿ 50 ಲಕ್ಷ ಮಕ್ಕಳು ಅಂತ ಹಿಡಿದರೆ ದಿನಕ್ಕೆ 250 ಟನ್.

ಇದರಿಂದ ಯಾರೂ ಸಾಹುಕಾರ ಆಗಲ್ಲ, ಅದನ್ನೂ ಹೇಳಿಬಿಡ್ತೀನಿ. 2025ರ ಮೇ 1ರಿಂದ ಕೇಂದ್ರ ನಿಗದಿ ಮಾಡಿರೋ ಸಾಮಗ್ರಿ ವೆಚ್ಚ ಪ್ರಾಥಮಿಕದ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಬೇಳೆ, ತರಕಾರಿ, ಎಣ್ಣೆ, ಸಂಬಾರ ಪದಾರ್ಥ, ಗ್ಯಾಸು ಎಲ್ಲಾ ಅದರಲ್ಲೇ ಬರಬೇಕು. ಆದರೆ ಮಂಡಿಯಲ್ಲಿ ರೇಟು ಬಿದ್ದ ದಿನವೂ ಮಕ್ಕಳು ಊಟ ಮಾಡ್ತಾರೆ. ಕಮಿಷನ್ ಇಲ್ಲ, ಬಾಡಿಗೆ ಇಲ್ಲ. ಎರಡು ಎಕರೆಯವನಿಗೆ ಅದು ಸಣ್ಣ ಮಾತಲ್ಲ.

ಈಗ ಮೇಷ್ಟ್ರು ಬಸ್ಸಲ್ಲಿ ಹೇಳಿದ ಮೂರು ಮಾತು. ಒಂದು, "ನಂಗೆ ಬಿಲ್ ಬೇಕು, ನೀವು ಬಿಲ್ ಕೊಡಲ್ಲ. ಆಡಿಟ್‌ನಲ್ಲಿ ನಾನು ಸಿಕ್ಕಾಕೊಳ್ತೀನಿ." ಎರಡು, "ಇವತ್ತು ಒಂದು ಮಂಕರಿ ಕೊಡ್ತೀರಿ, ನಾಳೆ ರೇಟು ಬಂದ್ರೆ ಮಂಡಿಗೆ ಓಡ್ತೀರಿ. ನಾನು ಮಕ್ಕಳಿಗೆ ಏನ್ ಹಾಕಲಿ?" ಮೂರು, "ದುಡ್ಡು ಬರೋದು ತಡ ಆದ್ರೆ ಅಂಗಡಿಯವನು ಸಾಲ ಬರ್ಕೋತಾನೆ. ನೀವು ಬರ್ಕೋತೀರಾ?"

ಮೂರಕ್ಕೂ ನನ್ನತ್ರ ಉತ್ತರ ಇರಲಿಲ್ಲ. ಓದಿದ ಮೇಲೆ ಗೊತ್ತಾಯ್ತು, ಮೊದಲ ಎರಡು ಮಾತು ಬ್ರೆಜಿಲ್ ರೈತರೂ ಕೇಳಿಸಿಕೊಂಡದ್ದೇ. ಒಬ್ಬೊಬ್ಬನೇ ಇದಕ್ಕೆ ಉತ್ತರ ಕೊಡೋಕಾಗಲ್ಲ. ನಾಲ್ಕೈದು ಜನ ಸೇರಿದರೆ ಆಗುತ್ತೆ. ಬಿಲ್ಲನ್ನ ನಮ್ಮ ಮಹಿಳಾ ಸಂಘದ ಹೆಸರಲ್ಲೋ ರೈತ ಉತ್ಪಾದಕ ಕಂಪನಿ ಹೆಸರಲ್ಲೋ ಕೊಡಬಹುದು. ಸರದಿ ಮೇಲೆ ಕೊಟ್ಟರೆ ಒಬ್ಬನ ಗಿಡಕ್ಕೆ ರೋಗ ಬಂದ್ರೂ ಸಾರು ನಿಲ್ಲಲ್ಲ. ಒಂದು ತಿಂಗಳ ಬಾಕಿ ಐದು ಜನಕ್ಕೆ ಹಂಚಿಹೋದ್ರೆ ತಡ್ಕೋಬಹುದು. ರಜೆಯ ಲೆಕ್ಕವೂ ಇರಬೇಕು: ಏಪ್ರಿಲ್, ಮೇನಲ್ಲಿ ಶಾಲೆ ಇಲ್ಲ, ದಸರಾಕ್ಕೆ ಇಲ್ಲ. ಆ ಹೊತ್ತಿಗೆ ಕುಯ್ಲಿಗೆ ಬರೋ ಹಾಗೆ ನಾಟಿ ಮಾಡಿದರೆ ಮತ್ತೆ ಮಂಡಿಯೇ ಗತಿ. ನನ್ನ ಲೆಕ್ಕದಲ್ಲಿ ಮೊದಲಿಗೆ ಕೆಡದೇ ಇರೋ ಸಿಹಿಗುಂಬಳ, ಬೂದಗುಂಬಳ, ಬದುವಿನ ನುಗ್ಗೆಸೊಪ್ಪು, ಹರಿವೆಸೊಪ್ಪಿನಿಂದ ಶುರು ಮಾಡೋದು ಸುಲಭ.

ಶಾಲೆ ಊಟದ ನೂರು ವರ್ಷದ ಕತೆಯಲ್ಲಿ ನಾನು ಕಂಡದ್ದು ಇಷ್ಟು. ಅಡುಗೆಯವರಿಗೆ ಕೆಲಸ ಸಿಕ್ಕದ್ದು ಒಲೆ ಹಚ್ಚಲೇಬೇಕು ಅಂತ ಬರೆದದ್ದರಿಂದ. ಹಾಲಿನವರಿಗೆ ವ್ಯಾಪಾರ ಸಿಕ್ಕದ್ದು ಊರಲ್ಲಿ ಸಂಘ ಇದ್ದದ್ದರಿಂದ. ತರಕಾರಿಯವರಿಗೆ ನಮ್ಮಲ್ಲಿ ಬರೆದದ್ದೂ ಇಲ್ಲ, ಸಂಘವೂ ಇಲ್ಲ. ಬರೆಸೋದು ದೊಡ್ಡ ಕೆಲಸ, ಗ್ರಾಮಸಭೆಯಿಂದ ವಿಧಾನಸೌಧದ ತನಕ ಕೇಳ್ತಾ ಹೋಗಬೇಕು. ಸಂಘ ಮಾತ್ರ ನಾಳೆಯೇ ಮಾಡಬಹುದು.

ಶನಿವಾರ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ಇದೆ. ವಾರಕ್ಕೆ ಎರಡು ದಿನದ ತರಕಾರಿ ನಮಗೆ ಬಿಡಿ, ಮೂರು ತಿಂಗಳು ನೋಡಿ, ಸರಿ ಬರದಿದ್ರೆ ಬೇಡ ಅಂತ ಕೇಳೋಕೆ ನಾವು ಮೂವರು ಹೋಗ್ತಾ ಇದ್ದೀವಿ. ಇನ್ನಿಬ್ಬರು ಸೇರಿದರೆ ಸರದಿ ಸರಿಹೋಗುತ್ತೆ. ಬರೋರು ಶುಕ್ರವಾರ ಸಂಜೆಯೊಳಗೆ ಡೇರಿ ಹತ್ರ ಸಿಗಿ. ಬೇರೆ ಊರಿನವರು ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು, ತರಕಾರಿ ಎಲ್ಲಿಂದ ಬರುತ್ತೆ ಅಂತ ಒಂದು ಸಲ ಮೇಷ್ಟ್ರನ್ನ ಕೇಳಿ ನೋಡಿ. ಜಗಳಕ್ಕೆ ಹೋದ ಹಾಗೆ ಕೇಳಬೇಡಿ. ಬಿಲ್ ಪುಸ್ತಕದ ಮಾತಿಗೆ ಉತ್ತರ ಇಟ್ಕೊಂಡು ಹೋಗಿ.